ಬಂಕಾಪುರದ ಕೋಟೆಯನ್ನು ಕೋಟೆಯಾಗಿಯೇ ತೋರಿಸಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಶೈಕ್ಷಣಿಕ ಪ್ರವಾಸದ ದಿನಗಳು ಬಂದವೆಂದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲೆಗಳಲ್ಲಿ ಎಲ್ಲಿಗೆ ಹೋಗುವುದೆಂಬ ಚರ್ಚೆ ಶುರುವಾಗುತ್ತದೆ. ಕೋಟೆ ನೋಡಬೇಕೆಂದರೆ ಚಿತ್ರದುರ್ಗ, ಗುಡಿ ನೋಡಬೇಕೆಂದರೆ ಬಾದಾಮಿ, ಐಹೊಳೆ, ಹಂಪಿ ಎಂದು ತೀರ್ಮಾನವಾಗುತ್ತದೆ. ಈ ಊರುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಕನ್ನಡದ ಮಕ್ಕಳು ಅವನ್ನು ನೋಡಲೇಬೇಕು. ಆದರೆ ಹುಬ್ಬಳ್ಳಿಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಬಸ್ಸುಗಳು ಶಿಗ್ಗಾವಿ ದಾಟಿದ ಮೇಲೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗಿರುವ ಬಂಕಾಪುರದ ಕೋಟೆಯನ್ನು ಪಕ್ಕಕ್ಕೆ ಬಿಟ್ಟು ಮುಂದೆ ಓಡುತ್ತವೆ ಎಂಬುದು ಹಾವೇರಿ ಜಿಲ್ಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಇತ್ತೀಚೆಗೆ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ಮೇಲೆ, ತಮ್ಮ ಪತ್ರಿಕೆಯ ಮೂಲಕ ಈ ವಿಷಯವನ್ನು ಸಂಬಂಧಪಟ್ಟವರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಬಂಕಾಪುರಕ್ಕೆ ಜನ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನವಿಲು ನೋಡಲು ಬರುತ್ತಾರೆ, ಏಕೆಂದರೆ ಕೋಟೆಯ ಆವರಣದ ಸುಮಾರು 139 ಎಕರೆ ಪ್ರದೇಶ 2006ರಲ್ಲಿ ನವಿಲು ಧಾಮವೆಂದು ಘೋಷಣೆಯಾಗಿದೆ. ಅರವತ್ತು ಕಂಬದ ಗುಡಿ ಎಂದು ಊರವರು ಕರೆಯುವ ನಗರೇಶ್ವರ ದೇವಾಲಯವನ್ನು ನೋಡಲು ಬರುತ್ತಾರೆ. ಖಿಲಾರಿ ತಳಿಯ ದನಗಳನ್ನು ಸಾಕಿ ಬೆಳೆಸುವ ಸರ್ಕಾರಿ ಕೇಂದ್ರವೂ ಅಲ್ಲೇ ಇರುವುದರಿಂದ ರೈತರು ಅದನ್ನು ನೋಡಲು ಬರುತ್ತಾರೆ. ಈ ಮೂರನ್ನೂ ತನ್ನ ಒಡಲಲ್ಲಿ ಇಟ್ಟುಕೊಂಡಿರುವ ಕೋಟೆಯನ್ನು ಮಾತ್ರ ಯಾರೂ ನೋಡದೆ ಹಿಂದಿರುಗುತ್ತಾರೆ. ನಮ್ಮ ಮಕ್ಕಳು ಗುಡಿಯನ್ನು ನೋಡಿ, ಪೊದೆಯ ಅಂಚಿನಲ್ಲಿ ಓಡಿದ ನವಿಲನ್ನು ಕಂಡು ಕೇಕೆ ಹಾಕಿ ಆದ ಮೇಲೆ ಏಳನೆಯ ತರಗತಿಯ ಹುಡುಗನೊಬ್ಬ ನನ್ನ ಹತ್ತಿರ ಬಂದು, "ಟೀಚರ್, ಕ್ವಾಟಿ ಎಲ್ಲೈತ್ರಿ?" ಎಂದು ಕೇಳಿದ. ಅವನು ನಿಂತದ್ದು ಕೋಟೆಯ ನಟ್ಟನಡುವೆ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಇದು ಕೋಟೆ ಎಂದು ಅವನಿಗೆ ಹೇಳುವಂಥದ್ದು ಆ ಜಾಗದಲ್ಲಿ ಏನೂ ಇರಲಿಲ್ಲ.

ನಮ್ಮ ಭಾಗದ ಗಜೇಂದ್ರಗಡವನ್ನಾಗಲಿ ನರಗುಂದವನ್ನಾಗಲಿ ಯಾರೂ ತೋರಿಸಬೇಕಾಗಿಲ್ಲ. ಗುಡ್ಡದ ನೆತ್ತಿಯ ಮೇಲಿನ ಗಿರಿದುರ್ಗಗಳು ಬರುವವನ ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ಊರಿಗೆ ಕಾಲಿಡುವ ಮೊದಲೇ ಅಲ್ಲೊಂದು ಕೋಟೆ ಇದೆಯೆಂದು ತಿಳಿದಿರುತ್ತದೆ. ಬಂಕಾಪುರದ್ದು ಹಾಗಲ್ಲ. ಅದು ಬಯಲಿನ ಕೋಟೆ, ಹಳಬರ ಮಾತಿನಲ್ಲಿ ನೆಲದುರ್ಗ. ಗುಡ್ಡದ ಆಸರೆ ಇಲ್ಲದ ಕಡೆ ಅಗಳು, ಅಂದರೆ ಕಂದಕ, ತೋಡಿ, ಗೋಡೆ ಎಬ್ಬಿಸಿ, ಬಾಗಿಲ ದಾರಿಯನ್ನು ಕಾದು ನೆಲವನ್ನೇ ದುರ್ಗ ಮಾಡಿಕೊಳ್ಳಬೇಕಾಗುತ್ತದೆ. ಇಂಥ ಕೋಟೆಯನ್ನು ದೂರದಿಂದ ನೋಡಲಾಗುವುದಿಲ್ಲ. ಅಗಳಿನ ಅಂಚು ಹಿಡಿದು ನಡೆಯಬೇಕು, ಗೋಡೆ ಎಲ್ಲಿ ತಿರುಗುತ್ತದೆ, ಬಾಗಿಲು ಯಾವ ದಿಕ್ಕಿಗಿದೆ, ಒಳಗಿನವರಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಒಂದೊಂದಾಗಿ ಗಮನಿಸಬೇಕು. ಆಗ ಮಾತ್ರ ಅದರ ಆಕಾರ ಮನಸ್ಸಿನಲ್ಲಿ ಮೂಡುತ್ತದೆ. ಅಗಳಿನಲ್ಲಿ ಜಾಲಿ ಬೆಳೆದು, ಗೋಡೆಯ ಮೇಲೆ ಗಿಡಗಂಟಿ ಹಬ್ಬಿ, ನಡೆಯಲು ದಾರಿಯೇ ಇಲ್ಲದಿದ್ದರೆ ಎಷ್ಟೇ ಆಸಕ್ತಿಯಿಂದ ಬಂದವನಿಗೂ ಅಲ್ಲೊಂದು ತಗ್ಗು, ಇಲ್ಲೊಂದು ದಿಬ್ಬ ಕಾಣುತ್ತದೆಯೇ ಹೊರತು ಕೋಟೆ ಕಾಣುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಆ ಊರಿನ ಚರಿತ್ರೆ. ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ದಂಡನಾಯಕ ಬಂಕೇಯನಿಂದ. ಬನವಾಸಿ ನಾಡನ್ನು ಆಳಿದ ಈ ಬಂಕೇಯನ ಸಾಹಸವನ್ನೂ ಸ್ವಾಮಿಭಕ್ತಿಯನ್ನೂ ಹಾಡಿಹೊಗಳುವ ಶಾಸನ ಇರುವುದು ನಮ್ಮದೇ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ. ಬಂಕೇಯನ ಮಗ ಲೋಕಾದಿತ್ಯ ಬಂಕಾಪುರದಿಂದ ಆಳುತ್ತಿದ್ದ ಕಾಲದಲ್ಲಿ, ಶಕ 820ರಲ್ಲಿ, ಅಂದರೆ ಕ್ರಿಸ್ತಶಕ 9ನೆಯ ಶತಮಾನದ ಕೊನೆಯಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವೆಂಬ ಜೈನ ಗ್ರಂಥಕ್ಕೆ ಈ ಊರಿನಲ್ಲಿ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಭಾಗ ಹೇಳುತ್ತದೆ. ಒಂದು ಪುರಾಣಗ್ರಂಥವನ್ನು ಪೂಜಿಸಿ ಗೌರವಿಸಿದ ಜಾಗ ಇದು. ಇದಾದ ಮುಕ್ಕಾಲು ಶತಮಾನದ ನಂತರ ಗಂಗರ ದೊರೆ ಮಾರಸಿಂಹ ರಾಜ್ಯವನ್ನು ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಅಂದರೆ ಜೈನ ಪದ್ಧತಿಯಂತೆ ಆಹಾರ ತೊರೆದು, ದೇಹ ಬಿಟ್ಟನೆಂಬುದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುತ್ತದೆ. ಅದೇ ಅಜಿತಸೇನಾಚಾರ್ಯರು ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಕವಿಚಕ್ರವರ್ತಿಯಾದ ಕಥೆಯನ್ನು ನಾವು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇವೆ. ಅವನ ಗುರುವಿನ ಹೆಸರಿನೊಂದಿಗೆ ಬೆಸೆದುಕೊಂಡ ಊರು ನಮ್ಮ ಪಕ್ಕದಲ್ಲೇ ಇದೆಯೆಂಬುದನ್ನು ಮಾತ್ರ ಹೇಳುವುದಿಲ್ಲ.

ಆಮೇಲಿನ ಕಥೆಯೂ ಸಣ್ಣದಲ್ಲ. 1055ರ ಶಾಸನವೊಂದು ಮುಂದೆ ಆರನೆಯ ವಿಕ್ರಮಾದಿತ್ಯನೆಂದು ಹೆಸರಾದ ಚಾಲುಕ್ಯ ರಾಜಕುಮಾರ ಗಂಗವಾಡಿ, ಬನವಾಸಿ ನಾಡುಗಳನ್ನು ಆಳುತ್ತಿದ್ದುದನ್ನೂ ಅವನ ಕೈಕೆಳಗೆ ಕದಂಬ ಕುಲದ ಹರಿಕೇಸರಿ ಇದ್ದುದನ್ನೂ ತಿಳಿಸುತ್ತದೆ. ಹೊಯ್ಸಳರ ವಿಷ್ಣುವರ್ಧನ ಈ ಊರನ್ನು ಗೆದ್ದು, ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಇಲ್ಲಿಯೇ ನೆಲೆವೀಡು ಮಾಡಿಕೊಂಡಿದ್ದ. ಬೇಲೂರಿನ ಚೆನ್ನಕೇಶವನನ್ನು ಕಟ್ಟಿಸಿದ ದೊರೆಗೆ ಬಂಕಾಪುರ ಏಕೆ ಬೇಕಾಗಿತ್ತು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೆ ಇಡೀ ಪಾಠಕ್ಕೇ ಜೀವ ಬರುತ್ತದೆ. ಭೂಪಟ ಬಿಡಿಸಿದರೆ ಉತ್ತರ ಸಿಗುತ್ತದೆ: ಮೂಡಲಿಗೆ ಎರೆಭೂಮಿಯ ಬಯಲುಸೀಮೆ, ಪಡುವಲಿಗೆ ಹಾನಗಲ್ಲು, ಬನವಾಸಿಗಳ ಮಲೆನಾಡ ಸೆರಗು. ಇವೆರಡೂ ಕೂಡುವ ಕಡೆ ಕೋಟೆ ಹಿಡಿದವನಿಗೆ 'ಬನವಾಸಿ ಹನ್ನೆರಡು ಸಾವಿರ' ಎಂದು ಹೆಸರಾಗಿದ್ದ ಆ ಕಾಲದ ನಾಡಿನ ಬಾಗಿಲು ಕೈಗೆ ಬಂದಂತೆ. 15ನೆಯ ಶತಮಾನದ ಆರಂಭದಲ್ಲಿ ವಿಜಯನಗರದ ಒಂದನೆಯ ದೇವರಾಯನು ಬಹಮನಿ ಸುಲ್ತಾನ ಫಿರೋಜ್ ಷಹನೊಡನೆ ಮಾಡಿಕೊಂಡ ಸಂಧಿಯಲ್ಲಿ ಬಂಕಾಪುರದ ಕೋಟೆಯನ್ನೂ ಬಿಟ್ಟುಕೊಡಬೇಕಾಯಿತೆಂದು ಪರ್ಷಿಯನ್ ಭಾಷೆಯ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ತಾಳಿಕೋಟೆಯ ಕಾಳಗದ ನಂತರ, 1570ರ ದಶಕದಲ್ಲಿ, ಬಿಜಾಪುರದ ಅಲಿ ಆದಿಲ್ ಷಾ ಇದನ್ನು ಹಿಡಿಯಲು ವರ್ಷ ಮೀರಿ ಮುತ್ತಿಗೆ ಹಾಕಬೇಕಾಯಿತು. ಬಯಲಿನ ಕೋಟೆಯೊಂದು ಅಷ್ಟು ದಿನ ತಾಳಿಕೊಂಡಿತೆಂದರೆ ಅದರ ಅಗಳು, ಗೋಡೆ, ನೀರಿನ ವ್ಯವಸ್ಥೆಗಳು ಹೇಗಿದ್ದಿರಬೇಕು ಎಂದು ಯಾರಾದರೂ ಊಹಿಸಬಹುದು. ಮುಂದೆ ಸವಣೂರಿನ ನವಾಬರು, ಮರಾಠರು, ಹೈದರ್ ಅಲಿ ಹೀಗೆ ಕೈಯಿಂದ ಕೈಗೆ ದಾಟಿದ ಬಂಕಾಪುರ 1802ರ ಬೆಸ್ಸೀನ್ ಒಪ್ಪಂದದಲ್ಲಿ ಪೇಶ್ವೆಯು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಪ್ರದೇಶಗಳ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹತ್ತಿರದ ಬಾಡ ಕನಕದಾಸರ ಜನ್ಮಸ್ಥಳ. ದಾಸರಾಗುವ ಮೊದಲು ತಿಮ್ಮಪ್ಪ ನಾಯಕರು ಬಂಕಾಪುರ ನಾಡಿನಲ್ಲಿ ಡಣಾಯಕರಾಗಿದ್ದರೆಂಬುದು ನಮ್ಮ ಭಾಗದ ಮನೆಮನೆಯ ನಂಬಿಕೆ. ಬಾಡದಲ್ಲಿ ಈಗ ಕನಕದಾಸರ ನೆನಪಿಗೆ ಅರಮನೆಯನ್ನು ಕಟ್ಟಲಾಗಿದ್ದು, ಅದನ್ನು ನೋಡಲು ಸಾಕಷ್ಟು ಜನ ಹೋಗುತ್ತಿದ್ದಾರೆ. ಹೊಸದಾಗಿ ಕಟ್ಟಿದ ಅರಮನೆಯನ್ನು ಕಂಡು ಸಂತೋಷಪಡುವ ಅದೇ ಜನರಿಗೆ, ಆ ಕಾಲದ ದಂಡು ನಿಜವಾಗಿ ಓಡಾಡಿದ ಕೋಟೆ ಸನಿಹದಲ್ಲೇ ಇದೆಯೆಂದು ಹೇಳಿ ದಾರಿ ತೋರಿಸುವುದು ಕಷ್ಟದ ಕೆಲಸವಲ್ಲ.

ನಗರೇಶ್ವರ ಗುಡಿಯ ಬಗ್ಗೆ ಎರಡು ಮಾತು. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕ. ಸುತ್ತಲಿನ ನೆಲ ಗುಡಿಗಿಂತ ಎತ್ತರದಲ್ಲಿರುವುದರಿಂದ ಕೆಳಗಿಳಿದು ಒಳಹೋಗಬೇಕು. ಇಳಿಯುವಾಗ ಸಭಾಮಂಟಪದ ಹೊರಗೋಡೆಯ ಮೇಲೆ ಸಾಲಾಗಿ ಕೆತ್ತಿರುವ ಪುಟ್ಟ ಪುಟ್ಟ ಶಿಖರಗಳು ಕಣ್ಣಿಗೆ ಸಮನಾಗಿ ಬರುತ್ತವೆ. ಒಳಗೆ ಕಡೆದ ಕಂಬಗಳು ಎಷ್ಟು ನುಣುಪಾಗಿವೆಯೆಂದರೆ, ನಮ್ಮ ಹುಡುಗಿಯೊಬ್ಬಳು ಒಂದು ಕಂಬದ ಹತ್ತಿರ ಮುಖ ತಂದು ಅದರಲ್ಲಿ ತನ್ನ ನೆರಳು ಹುಡುಕಿದಳು. ಕಂಬದ ಸುತ್ತ ಹರಿದಿರುವ ಉಂಗುರದಂಥ ಗೆರೆಗಳಲ್ಲಿ ಒಂದಾದರೂ ವಾರೆಯಾಗಿಲ್ಲ; ಕಲ್ಲನ್ನೇ ಚರಕಿಯ ಮೇಲೆ ತಿರುಗಿಸಿ ಕಡೆಯುವ ಈ ವಿದ್ಯೆಯನ್ನು ಚಾಲುಕ್ಯರ ಕಾಲದ ಕಲ್ಕುಟಿಗರು ಲಕ್ಕುಂಡಿಯಲ್ಲಿ, ಹಾವೇರಿಯ ಸಿದ್ಧೇಶ್ವರದಲ್ಲಿ, ಹಾನಗಲ್ಲಿನ ತಾರಕೇಶ್ವರದಲ್ಲಿ ಎಲ್ಲ ಕಡೆ ಮೆರೆದಿದ್ದಾರೆ. ಮುಖ ಒಡೆದ ಶಿಲ್ಪಗಳೂ ಈ ಗುಡಿಯಲ್ಲಿವೆ, ಅವು ಯುದ್ಧಗಳ ಗುರುತು. ಅವನ್ನು ಮಕ್ಕಳಿಗೆ ತೋರಿಸುವಾಗ ನಾನು ಯಾವ ಮತದವರನ್ನೂ ಹಳಿಯುವುದಿಲ್ಲ. ಕೋಟೆ ಎಂದರೆ ಯುದ್ಧದ ಜಾಗ, ಅಲ್ಲಿ ಕಟ್ಟಿದ್ದೂ ಇದೆ, ಕೆಡವಿದ್ದೂ ಇದೆ, ಎರಡನ್ನೂ ಇದ್ದಂತೆ ತಿಳಿಯಬೇಕು ಎಂದಷ್ಟೇ ಹೇಳುತ್ತೇನೆ. ಫಲಕ ಬರೆಸುವವರೂ ಈ ಎಚ್ಚರವನ್ನು ಇಟ್ಟುಕೊಳ್ಳಲಿ ಎಂಬುದು ನನ್ನ ಪ್ರಾರ್ಥನೆ.

ಈಗ ಮುಖ್ಯ ಕೋರಿಕೆಗೆ ಬರುತ್ತೇನೆ. ಕೋಟೆಯನ್ನು 'ಅಭಿವೃದ್ಧಿ' ಮಾಡಿ ಎಂದು ನಾನು ಕೇಳುತ್ತಿಲ್ಲ. ಬಣ್ಣದ ದೀಪ, ಕಾರಂಜಿ, ಸಿಮೆಂಟಿನ ಆನೆ, ಇಂಟರ್‌ಲಾಕ್ ಇಟ್ಟಿಗೆಯ ಅಂಗಳ ಇವು ಬಂಕಾಪುರಕ್ಕೆ ಬೇಡ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ಕಾನೂನೇ ಒಪ್ಪುವುದಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆಯಬೇಕು. ಹೀಗಾಗಿ ಶೌಚಾಲಯ, ಕುಡಿಯುವ ನೀರು, ವಾಹನ ನಿಲ್ಲಿಸುವ ಜಾಗ ಎಲ್ಲವೂ ದೂರದಲ್ಲಿಯೇ ಆಗಬೇಕು. ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ನಮ್ಮಂಥ ಶಿಕ್ಷಕಿಯರಿಗೆ ಶೌಚಾಲಯ ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಕೇಳುತ್ತಿರುವುದು ಬಾಗಿಲಿನಿಂದ ಹೊರಟು, ಗೋಡೆ ಮತ್ತು ಅಗಳಿನ ಅಂಚಿನಲ್ಲಿ ಒಂದಷ್ಟು ದೂರ ಸಾಗಿ ಗುಡಿಯ ಹತ್ತಿರ ಮುಗಿಯುವ ಒಂದು ಕಾಲುದಾರಿಯನ್ನು. ಮಣ್ಣಿನ ದಾರಿ ಸಾಕು. ಆ ದಾರಿಯುದ್ದಕ್ಕೂ ನಿಂತು ನೋಡಬೇಕಾದ ಜಾಗಗಳಲ್ಲಿ ಕನ್ನಡದ ಫಲಕಗಳಿರಲಿ. ಬಾಗಿಲ ಹತ್ತಿರ ಇಡೀ ಕೋಟೆಯ ನಕಾಶೆಯೊಂದು, 'ನೀವು ಇಲ್ಲಿದ್ದೀರಿ' ಎಂಬ ಗುರುತಿನೊಂದಿಗೆ ಇರಲಿ. ನಾನು ಹೋದಾಗ ಇಂಥ ನಕಾಶೆ ನನ್ನ ಕಣ್ಣಿಗೆ ಬೀಳಲಿಲ್ಲ, ಮೇಲೆ ಹೇಳಿದ ಬಂಕೇಯನಾಗಲಿ ಮಾರಸಿಂಹನಾಗಲಿ ವಿಷ್ಣುವರ್ಧನನಾಗಲಿ ಎಲ್ಲಿಯೂ ಎದುರಾಗಲಿಲ್ಲ.

ಫಲಕವೆಂದರೆ ಸ್ಮಾರಕವನ್ನು ಹಾಳುಗೆಡವಿದರೆ ಇಷ್ಟು ದಂಡ, ಇಷ್ಟು ಸೆರೆ ಎಂಬ ಎಚ್ಚರಿಕೆಯ ನೀಲಿ ಹಲಗೆ ಮಾತ್ರವೇ ಆಗಬಾರದು. ಅದು ಬೇಕು, ಆದರೆ ಅದರ ಜೊತೆಗೆ ಶಾಸನದ ನಾಲ್ಕು ಸಾಲನ್ನು ಇಂದಿನ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಸರಳವಾಗಿ ಅರ್ಥ ಕೊಟ್ಟರೆ ಆರನೆಯ ತರಗತಿಯ ಮಗುವೂ ಬೆರಳಿಟ್ಟು ಅಕ್ಷರ ಹೊಂದಿಸಿ ಓದಲು ಪ್ರಯತ್ನಿಸುತ್ತದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯವಿದೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿದೆ. ಶಾಸನ ಬಲ್ಲವರಿಗೂ ಊರಿನ ಕಥೆ ಬಲ್ಲವರಿಗೂ ಈ ಭಾಗದಲ್ಲಿ ಬರವಿಲ್ಲ.

ದಾರಿ ಮಾಡುವ ನೆಪದಲ್ಲಿ ಗಿಡಗಂಟಿಯನ್ನೆಲ್ಲ ಸವರಿ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನವಿಲು ಮೊಟ್ಟೆ ಇಡುವುದು ಮರದ ಮೇಲಲ್ಲ, ಪೊದೆಯ ಮರೆಯ ನೆಲದಲ್ಲಿ. ಮಳೆಗಾಲದ ತಿಂಗಳುಗಳೇ ಅದರ ಗರಿಬಿಚ್ಚುವ, ಮರಿ ಮಾಡುವ ಕಾಲ. ಖಿಲಾರಿ ಕೇಂದ್ರದ ಮೇವಿನ ಹೊಲಗಳು, ಹಳೆಯ ದೊಡ್ಡ ಮರಗಳು, ಕೋಟೆಯೊಳಗಿನ ಪೊದೆಗಳು ಇವೆಲ್ಲ ಒಟ್ಟಿಗೆ ಸಿಕ್ಕಿದ್ದರಿಂದಲೇ ಆ ಪಕ್ಷಿಗಳು ಅಲ್ಲಿ ನೆಲೆ ನಿಂತಿವೆ. ಕೋಟೆ ಕಾಣಬೇಕೆಂದು ನವಿಲನ್ನು ಓಡಿಸಿದರೆ ಒಂದನ್ನು ಗಳಿಸಲು ಇನ್ನೊಂದನ್ನು ಕಳೆದಂತಾಗುತ್ತದೆ. ಆದ್ದರಿಂದ ಗೋಡೆಯ ಮೈಗೆ ಹತ್ತಿರವಿರುವ, ಕಲ್ಲನ್ನು ಸಡಿಲಿಸುವ ಗಿಡಗಳನ್ನು ಮಾತ್ರ ಆರಿಸಿ ತೆಗೆಯಬೇಕು, ಅದೂ ಮಳೆಗಾಲ ಕಳೆದ ಮೇಲೆ, ಗೂಡುಗಳಿಲ್ಲವೆಂದು ಖಾತ್ರಿ ಮಾಡಿಕೊಂಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲುದಾರಿಯ ಒಳಭಾಗವನ್ನು ಪ್ರವಾಸಿಗರಿಗೆ ಮುಚ್ಚಿದರೂ ನಡೆಯುತ್ತದೆ. ನಮ್ಮ ಪ್ರವಾಸಗಳು ಹೇಗೂ ಚಳಿಗಾಲದಲ್ಲಿಯೇ ಇರುತ್ತವೆ.

ಗೋಡೆಯ ಗಿಡಗಳ ವಿಷಯದಲ್ಲಿ ಇನ್ನೊಂದು ಅವಸರದ ತಪ್ಪು ನಡೆಯದಿರಲಿ. ಆಲ, ಅರಳಿ, ಬಸರಿಯ ಬೀಜಗಳು ಹಕ್ಕಿಗಳ ಮೂಲಕ ಕಲ್ಲಿನ ಸಂದಿಗೆ ಬಿದ್ದು ಮೊಳೆಯುತ್ತವೆ. ಬೇರು ದಪ್ಪವಾದಂತೆ ಕಲ್ಲು ಹೊರಗೆ ತಳ್ಳಲ್ಪಡುತ್ತದೆ. ಬಲಿತ ಬೇರನ್ನು ಹಗ್ಗ ಕಟ್ಟಿ ಎಳೆದರೆ ಅದು ಹಿಡಿದುಕೊಂಡ ಗೋಡೆಯ ತುಂಡೂ ಅದರ ಜೊತೆಗೇ ಬರುತ್ತದೆ. ಕಾಂಡ ಕತ್ತರಿಸಿ, ಮತ್ತೆ ಚಿಗುರದಂತೆ ಬೇರನ್ನು ಸಾಯಿಸಿ, ಸಂದಿಯನ್ನು ಸುಣ್ಣದ ಗಾರೆಯಿಂದ ಮುಚ್ಚುವುದು ಸರಿಯಾದ ಕ್ರಮ. ಸಿಮೆಂಟು ಮಾತ್ರ ಬೇಡವೇ ಬೇಡ: ಅದು ಒಳಗಿನ ತೇವ ಹೊರಬರದಂತೆ ತಡೆದು ಹಳೆಯ ಗೋಡೆಯನ್ನು ಒಳಗಿಂದಲೇ ಕೆಡಿಸುತ್ತದೆ. ಬೆಲ್ಲ, ಅಳಲೆಕಾಯಿ ನೀರು ಹಾಕಿ ಸುಣ್ಣ ಅರೆಯುವ ಕೆಲಸ ಬಲ್ಲವರನ್ನು ಹುಡುಕಿ ತಂದರೆ, ಅವರಿಗೂ ಕೆಲಸ ಸಿಗುತ್ತದೆ, ಗೋಡೆಯೂ ಉಳಿಯುತ್ತದೆ.

ಒಂದೇ ಆವರಣದಲ್ಲಿ ಗುಡಿಗೆ ಒಬ್ಬರು, ಹಕ್ಕಿಗೆ ಒಬ್ಬರು, ದನಕ್ಕೆ ಒಬ್ಬರು ಜವಾಬ್ದಾರರಾಗಿರುವುದರಿಂದ ಗೋಡೆ ಮತ್ತು ಅಗಳಿಗೆ ಯಾರು ಹೊಣೆ ಎಂಬುದು ನನ್ನಂಥ ಸಾಮಾನ್ಯರಿಗೆ ತಿಳಿಯುವುದಿಲ್ಲ. ಯಾರನ್ನೂ ದೂರುವ ಉದ್ದೇಶ ನನ್ನದಲ್ಲ. ಎಲ್ಲರೂ ತಮ್ಮ ಪಾಲಿನದನ್ನು ನೋಡಿಕೊಳ್ಳುತ್ತಿರಬಹುದು. ಜಿಲ್ಲಾಡಳಿತ ಇವರೆಲ್ಲರನ್ನೂ ಬಂಕಾಪುರ ಪುರಸಭೆಯವರೊಂದಿಗೆ ಒಂದು ಕಡೆ ಕೂರಿಸಿ, ಯಾರ ಗಡಿ ಎಲ್ಲಿಯವರೆಗೆ, ದಾರಿ ಎಲ್ಲಿ ಹಾಯಬೇಕು, ಸ್ವಚ್ಛತೆ ಯಾರದು ಎಂಬುದನ್ನು ಬರೆದು ಪ್ರಕಟಿಸಿದರೆ ಅರ್ಧ ಕೆಲಸ ಆದಂತೆಯೇ.

ಇದಕ್ಕೆ ಪೂರ್ವನಿದರ್ಶನವನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜ, ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದವನು, ಬಂಕಾಪುರದಲ್ಲಿ ಪಾಳುಬಿದ್ದ ಹಳೆಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂದು 12ನೆಯ ಶತಮಾನದ ಶಾಸನ ಹೊಗಳುತ್ತದೆ. ಆ ಕಾಲಕ್ಕೇ ಬಂಕಾಪುರದಲ್ಲಿ ಹಳೆಯದೆನ್ನುವ ಕಟ್ಟಡಗಳಿದ್ದವು, ಅವನ್ನು ಎತ್ತಿ ನಿಲ್ಲಿಸುವುದು ಹೊಸದು ಕಟ್ಟಿಸಿದಷ್ಟೇ ಪುಣ್ಯವೆಂದು ಭಾವಿಸಿದ ಅಧಿಕಾರಿಯೂ ಇದ್ದ. ಇದಕ್ಕೆ ವಿರುದ್ಧದ ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. 1857ರ ನಂತರ ಇಂಗ್ಲಿಷರು ಕೈಬಿಟ್ಟು ಒಡೆದ ಧಾರವಾಡದ ಕೋಟೆಯಲ್ಲಿ ಇಂದು ಬಾಗಿಲು ಮತ್ತು ಕಿಲ್ಲೆ ಎಂಬ ಬಡಾವಣೆಯ ಹೆಸರು ಬಿಟ್ಟರೆ ನೋಡಲು ಹೆಚ್ಚೇನೂ ಉಳಿದಿಲ್ಲ. ಬಂಕಾಪುರದಲ್ಲಿ ಇನ್ನೂ ಬಹಳಷ್ಟು ಉಳಿದಿದೆ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿಯೂ ನನ್ನದೊಂದು ಬೇಡಿಕೆ. ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಬಂಕಾಪುರ, ಬಾಡ, ಶಿಶುನಾಳ ಮೂರನ್ನೂ ನೋಡಿ ಸಂಜೆಗೆ ಮನೆ ಸೇರಬಹುದು. ಹಾವೇರಿ, ಗದಗಿನವರಿಗೂ ಕಷ್ಟವಿಲ್ಲ. ದೂರದ ಪ್ರವಾಸಕ್ಕೆ ಹಣ ಹೊಂದಿಸಲಾಗದೆ ಮನೆಯಲ್ಲಿ ಉಳಿಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಅಂಥವರಿಗೂ ಈ ಪ್ರವಾಸ ಎಟುಕುತ್ತದೆ. ಹೋಗುವ ಮುನ್ನ ತರಗತಿಯಲ್ಲಿ ಒಂದು ಗಂಟೆ ಬಂಕೇಯನಿಂದ ಆದಿಲ್ ಷಾಹಿಯವರೆಗಿನ ಕಥೆ ಹೇಳಿ, ಪ್ರತಿ ಮಗುವಿನ ಕೈಗೂ ಕೋಟೆಯ ಒಂದು ಕೈನಕಾಶೆ ಕೊಟ್ಟು ಕರೆದೊಯ್ಯಿರಿ. ಗೋಡೆಯ ಮೇಲೆ ಹೆಸರು ಕೆತ್ತುವುದಿಲ್ಲ, ನವಿಲಿನ ಬೆನ್ನು ಹತ್ತುವುದಿಲ್ಲ, ತಿಂಡಿಯ ಪ್ಲಾಸ್ಟಿಕ್ ಚೀಲವನ್ನು ಬಸ್ಸಿನಲ್ಲಿಯೇ ಬಿಟ್ಟು ಬರುತ್ತೇವೆ ಎಂಬ ಮಾತನ್ನೂ ಮಕ್ಕಳಿಂದ ತೆಗೆದುಕೊಳ್ಳಿ. ಫಲಕ, ದಾರಿಗಳ ಕೆಲಸ ಆಗುವವರೆಗೆ ಆ ನಕಾಶೆಯನ್ನು ನಾವು ಶಿಕ್ಷಕರೇ ಬಿಡಿಸಿಕೊಳ್ಳಬೇಕಾಗುತ್ತದೆ. ನಮ್ಮ ಶಾಲೆಯಲ್ಲಿ ಆ ಕೆಲಸವನ್ನು ಈ ವರ್ಷವೇ ಆರಂಭಿಸಿದ್ದೇವೆ, ಬೇಕೆಂದ ಶಾಲೆಗಳಿಗೆ ಅದರ ಪ್ರತಿ ಕೊಡಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಪ್ರೌಢಶಾಲಾ ಶಿಕ್ಷಕಿ,
ಹಾವೇರಿ ಜಿಲ್ಲೆ